ಹೃದಯಕ್ಕೆಂದು ನುಂಗುವ ಮಾತ್ರೆ, ಗಂಟಲಲ್ಲಿ ಕಟ್ಟುವ ರಕ್ತ

2025ರ ಜೂನ್ ಕೊನೆಯ ಹೊತ್ತಿಗೆ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿಗಳು ಒಂದರ ಬೆನ್ನಿಗೊಂದು ಬಂದವು. ನಲವತ್ತು ದಿನಗಳ ಆಸುಪಾಸಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು ಎಂಬ ವರದಿ ಓದಿದ ಜನ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಸಾಲುಗಟ್ಟಿದರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಜುಲೈನಲ್ಲಿ ವರದಿ ಕೊಟ್ಟು, ಕೋವಿಡ್ ಲಸಿಕೆಗೆ ನಂಟು ಹಚ್ಚುವ ಮಾತನ್ನು ತಳ್ಳಿಹಾಕಿತು. ಸುದ್ದಿ ತಣ್ಣಗಾಯಿತು. ರಕ್ತ ತೆಳು ಮಾಡುವ ಮಾತ್ರೆಯ ಬಗೆಗಿನ ಗೊಂದಲ ಮಾತ್ರ ಉಳಿದುಕೊಂಡಿತು.

ಇಂಥ ಸುದ್ದಿ ಬಂದಾಗಲೆಲ್ಲ ಎರಡು ಸಲಹೆಗಳು ಮೊಬೈಲಿನಿಂದ ಮೊಬೈಲಿಗೆ ಹಾರುತ್ತವೆ. ನಲವತ್ತು ದಾಟಿದವರೆಲ್ಲ ದಿನಕ್ಕೊಂದು ರಕ್ತ ತೆಳು ಮಾಡುವ ಮಾತ್ರೆ ನುಂಗಿ, ಹೃದಯಾಘಾತ ಹತ್ತಿರ ಸುಳಿಯುವುದಿಲ್ಲ ಎನ್ನುವುದು ಒಂದು. ಆ ಮಾತ್ರೆ ತಿಂದವರಿಗೆ ಬಾಯಿ, ಮೂಗು, ಗಂಟಲಲ್ಲೆಲ್ಲ ರಕ್ತ ಬರುತ್ತದೆ, ಇವತ್ತೇ ನಿಲ್ಲಿಸಿ ಎನ್ನುವುದು ಇನ್ನೊಂದು. ಎರಡರಲ್ಲೂ ಅರ್ಧ ಸತ್ಯವಿದೆ, ಅಪಾಯವೂ ಅಲ್ಲೇ ಇದೆ. ಮೊದಲನೆಯದನ್ನು ನಂಬಿದವರು ಬೇಡದ ಮಾತ್ರೆ ಶುರು ಮಾಡುತ್ತಾರೆ. ಎರಡನೆಯದನ್ನು ನಂಬಿದವರು ಪ್ರಾಣ ಉಳಿಸುತ್ತಿರುವ ಮಾತ್ರೆಯನ್ನೇ ಬಿಡುತ್ತಾರೆ.

ಗಂಟಲಿನ ರಕ್ತಸ್ರಾವ ಈ ಮಾತ್ರೆಗಳ ಅಡ್ಡಪರಿಣಾಮಗಳಲ್ಲಿ ತೀರಾ ವಿರಳವಾದದ್ದು. ಹೊಟ್ಟೆ, ಕರುಳು, ಮೂತ್ರಕೋಶ, ಮಿದುಳಿನ ಸ್ರಾವಗಳೇ ಹೆಚ್ಚು. ಆದರೂ ಗಂಟಲನ್ನು ಪ್ರತ್ಯೇಕವಾಗಿ ನೋಡಬೇಕಾದ ಕಾರಣವಿದೆ. ಅದು ಮಾಮೂಲಿ ಗಂಟಲು ನೋವಿನ ವೇಷದಲ್ಲಿ ಬರುತ್ತದೆ, ಮಾಮೂಲಿ ಗಂಟಲು ನೋವಿಗೆ ನಮ್ಮೂರುಗಳಲ್ಲಿ ಕೊಡುವ ಔಷಧಿಯೇ ಅದನ್ನು ಕೆರಳಿಸುತ್ತದೆ.

ಒಂದೇ ಹೆಸರು, ಬೇರೆ ಬೇರೆ ಮಾತ್ರೆ

‘ರಕ್ತ ತೆಳು ಮಾಡುವ ಮಾತ್ರೆ’ ಎಂದು ನಾವು ಕರೆಯುವುದರಲ್ಲಿ ಕನಿಷ್ಠ ಮೂರು ಕುಟುಂಬಗಳಿವೆ. ಯಾವುದೂ ರಕ್ತವನ್ನು ನೀರಾಗಿಸುವುದಿಲ್ಲ, ಹೆಪ್ಪುಗಟ್ಟುವುದನ್ನು ತಡಮಾಡುತ್ತವೆ. ತಡಮಾಡುವ ಬಗೆ ಮಾತ್ರ ಬೇರೆ ಬೇರೆ.

ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಮೊದಲ ಗುಂಪು. ಇಕೋಸ್ಪ್ರಿನ್ ಎಂದು ಮನೆಮನೆಯಲ್ಲಿ ಗೊತ್ತಿರುವುದು ಆಸ್ಪಿರಿನ್ನೇ. ಗಾಯವಾದ ಜಾಗದಲ್ಲಿ ಒಂದಕ್ಕೊಂದು ಅಂಟಿಕೊಂಡು ಬೆಣೆಯಾಗುವ ಪ್ಲೇಟ್‌ಲೆಟ್‌ಗಳನ್ನು ಇವು ಅಂಟದಂತೆ ಮಾಡುತ್ತವೆ. ಆಸ್ಪಿರಿನ್ ಮುಟ್ಟಿದ ಪ್ಲೇಟ್‌ಲೆಟ್ ಮತ್ತೆ ಸರಿಹೋಗುವುದಿಲ್ಲ. ಅದರ ಆಯಸ್ಸು ಮುಗಿದು ಹೊಸದು ಹುಟ್ಟಬೇಕು, ಅದಕ್ಕೆ ಏಳರಿಂದ ಹತ್ತು ದಿನ ಬೇಕು. ಸ್ಟೆಂಟ್ ಹಾಕಿಸಿಕೊಂಡವರು, ಒಮ್ಮೆ ಹೃದಯಾಘಾತ ಅಥವಾ ಲಕ್ವ ಆದವರು ಇದನ್ನು ನುಂಗುತ್ತಾರೆ.

ಎರಡನೆಯದು ವಾರ್ಫರಿನ್ ಮತ್ತು ಅಸಿನೊಕೌಮರಾಲ್. ನಮ್ಮ ಕಡೆ ಅಸಿಟ್ರಾಂ ಎಂಬ ಹೆಸರಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅಸಿನೊಕೌಮರಾಲ್. ಯಕೃತ್ತು ವಿಟಮಿನ್ ಕೆ ಬಳಸಿ ಹೆಪ್ಪುಗಟ್ಟಿಸುವ ನಾಲ್ಕು ಪ್ರೋಟೀನ್‌ಗಳನ್ನು ತಯಾರಿಸುತ್ತದೆ. ಈ ಮಾತ್ರೆಗಳು ಆ ವಿಟಮಿನ್ನಿನ ಮರುಬಳಕೆಗೇ ಅಡ್ಡಗಾಲು ಹಾಕುತ್ತವೆ. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಬೂಷ್ಟು ಹಿಡಿದ ಮೇವು ತಿಂದ ದನಗಳು ಸಣ್ಣ ಗಾಯಕ್ಕೂ ರಕ್ತ ಸೋರಿ ಸಾಯುತ್ತಿದ್ದವು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಾಲಯ ಆ ಮೇವಿನ ಜಾಡು ಹಿಡಿದು ಹೋಗಿ ಕಂಡುಕೊಂಡ ರಾಸಾಯನಿಕದ ಸಂತಾನವೇ ವಾರ್ಫರಿನ್. 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂದದ್ದು, 1954ರಲ್ಲಿ ಮನುಷ್ಯರ ಔಷಧಿಯಾಯಿತು. ಮರುವರ್ಷ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಅದನ್ನೇ ಕೊಟ್ಟರು. ‘ಇಲಿ ಪಾಷಾಣ ಕೊಡುತ್ತಾರೆ’ ಎಂಬ ವಾಟ್ಸ್ಯಾಪ್ ಆರೋಪದ ಮೂಲ ಇದು. ಚರಿತ್ರೆಯಾಗಿ ನಿಜ, ಆದರೆ ವಿಷವೋ ಔಷಧಿಯೋ ಎಂಬುದನ್ನು ತೀರ್ಮಾನಿಸುವುದು ಪ್ರಮಾಣ.

ಮೂರನೆಯದು 2010ರ ಆಸುಪಾಸಿನಿಂದ ಈಚೆಗೆ ಬಂದ ಹೊಸ ಮಾತ್ರೆಗಳು: ಡಾಬಿಗಟ್ರಾನ್, ರಿವಾರೋಕ್ಸಬಾನ್, ಅಪಿಕ್ಸಬಾನ್. ಇವು ವಿಟಮಿನ್ ಕೆ ತಂಟೆಗೆ ಹೋಗದೆ, ಹೆಪ್ಪುಗಟ್ಟಿಸುವ ಒಂದೊಂದೇ ಪ್ರೋಟೀನನ್ನು ನೇರವಾಗಿ ತಡೆಯುತ್ತವೆ.

ಹೃದಯಾಘಾತ ತಡೆಯಲು ಆರೋಗ್ಯವಂತರೆಲ್ಲ ದಿನಾ ಆಸ್ಪಿರಿನ್ ನುಂಗಬೇಕೇ ಎಂಬ ಪ್ರಶ್ನೆಗೆ ಉತ್ತರ ಈಗ ಬಹುಮಟ್ಟಿಗೆ ಸ್ಪಷ್ಟವಿದೆ. ಹೃದ್ರೋಗವಿಲ್ಲದ ವೃದ್ಧರ ಮೇಲೆ ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ನಡೆದ ಆಸ್ಪ್ರೀ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಹೃದಯಕ್ಕೆ ಗಮನಾರ್ಹ ಲಾಭ ಕಾಣಲಿಲ್ಲ, ಗಂಭೀರ ರಕ್ತಸ್ರಾವ ಹೆಚ್ಚಿತು. 2022ರಲ್ಲಿ ಅಮೆರಿಕದ ತಡೆ ಚಿಕಿತ್ಸಾ ಕಾರ್ಯಪಡೆ, ಅರವತ್ತು ದಾಟಿದವರು ಮುನ್ನೆಚ್ಚರಿಕೆಯೆಂದು ಆಸ್ಪಿರಿನ್ ಹೊಸದಾಗಿ ಶುರು ಮಾಡಬಾರದು ಎಂದಿತು. ಎದೆನೋವು ಬಂದ ಗಳಿಗೆಯಲ್ಲಿ ವೈದ್ಯರ ಸೂಚನೆಯಂತೆ ಆಸ್ಪಿರಿನ್ ಅಗಿಯುವುದು ಬೇರೆ ಮಾತು, ಅದನ್ನು ಇದರೊಂದಿಗೆ ಬೆರೆಸಬಾರದು.

ಗಂಟಲಿನಿಂದ ಬಂದ ರಕ್ತ ಎಲ್ಲಿಯದು?

ಉಗುಳಿದಾಗ ಕೆಂಪು ಕಂಡರೆ ಅದು ಗಂಟಲಿನದೇ ಆಗಿರಬೇಕೆಂದಿಲ್ಲ. ಈ ಮಾತ್ರೆ ನುಂಗುವವರಲ್ಲಿ ತೀರಾ ಸಾಮಾನ್ಯವಾದದ್ದು ವಸಡಿನ ರಕ್ತ, ಮತ್ತು ರಾತ್ರಿ ಮಲಗಿದಾಗ ಮೂಗಿನ ಹಿಂಭಾಗದಿಂದ ಗಂಟಲಿಗಿಳಿದು ಬೆಳಗ್ಗೆ ಕಫದಲ್ಲಿ ಕಾಣುವ ರಕ್ತ. ಗಾಬರಿ ಹುಟ್ಟಿಸಿದರೂ ಇವು ಹೆಚ್ಚಾಗಿ ಜೀವಕ್ಕೆ ಕುತ್ತು ತರುವಂಥವಲ್ಲ. ಔಷಧಿಯ ಪ್ರಮಾಣ ಹೆಚ್ಚಾಗಿದೆ ಎಂಬುದಕ್ಕೆ ಮುನ್ಸೂಚನೆ ಆಗಿರಬಹುದು, ಹಾಗಾಗಿ ಹೆಪ್ಪುಗಟ್ಟುವ ವೇಗ ನೋಡುವ ರಕ್ತಪರೀಕ್ಷೆ ಮಾಡಿಸಲೇಬೇಕು.

ಕೆಮ್ಮಿದಾಗ ಬರುವ ರಕ್ತ ಹೆಚ್ಚಾಗಿ ಶ್ವಾಸಕೋಶದ್ದು. ಕ್ಷಯ ಇನ್ನೂ ಇರುವ ನಾಡಿನಲ್ಲಿ ಅದನ್ನು ಮಾತ್ರೆಯ ತಲೆಗೆ ಕಟ್ಟಿ ಸುಮ್ಮನಾಗುವಂತಿಲ್ಲ. ಹೃದಯದ ಎಡಗಡೆಯ ಮೈಟ್ರಲ್ ಕವಾಟ ಕಿರಿದಾಗಿದ್ದರೂ ಕೆಮ್ಮಿನಲ್ಲಿ ರಕ್ತ ಬರುತ್ತದೆ, ಅಂದರೆ ಮಾತ್ರೆ ನುಂಗಲು ಕಾರಣವಾದ ರೋಗವೇ ರಕ್ತಕ್ಕೂ ಕಾರಣವಾಗಿರಬಹುದು. ವಾಂತಿಯಲ್ಲಿ ಕಾಫಿ ಗಸಿಯಂತೆ ಬಂದರೆ ಹೊಟ್ಟೆಯದು.

ಇನ್ನೊಂದು ಸಂಗತಿಯನ್ನು ವೈದ್ಯರೂ ಕೆಲವೊಮ್ಮೆ ಮರೆಯುತ್ತಾರೆ. ಹೆಪ್ಪು ತಡೆಯುವ ಔಷಧಿ ಸಾಮಾನ್ಯವಾಗಿ ಗಾಯವನ್ನು ಸೃಷ್ಟಿಸುವುದಿಲ್ಲ, ಇರುವ ಗಾಯವನ್ನು ಬಯಲಿಗೆಳೆಯುತ್ತದೆ. ಎಲೆ ಅಡಿಕೆ, ಹೊಗೆಸೊಪ್ಪು, ಗುಟ್ಕಾ ಅಭ್ಯಾಸವಿರುವವರ ಗಂಟಲಲ್ಲಿ ಒಂದೇ ಜಾಗದಿಂದ ಮತ್ತೆ ಮತ್ತೆ ರಕ್ತ ಬರುತ್ತಿದ್ದರೆ, ರಕ್ತಪರೀಕ್ಷೆ ಸರಿಯಿದ್ದರೂ ಇಎನ್‌ಟಿ ವೈದ್ಯರು ಒಳಗೆ ನೋಡಲೇಬೇಕು. ಅಲ್ಲಿ ಗಡ್ಡೆ ಅಡಗಿರಬಹುದು.

ಇವೆಲ್ಲಕ್ಕಿಂತ ಭಿನ್ನವಾದದ್ದು, ಹೊರಗೆ ಒಂದು ಹನಿಯೂ ಬಾರದ ರಕ್ತಸ್ರಾವ.

ಹೊರಗೆ ಕಾಣದ ಸ್ರಾವ

ಗಂಟಲಿನ ಹಿಂಗೋಡೆಗೂ ಕತ್ತಿನ ಮೂಳೆಗೂ ನಡುವೆ ಸಡಿಲವಾದ ಅಂಗಾಂಶದ ಒಂದು ಸಂದು ಇದೆ. ಅದು ತಲೆಬುರುಡೆಯ ತಳದಿಂದ ಎದೆಗೂಡಿನವರೆಗೆ ಇಳಿಯುತ್ತದೆ. ನಾಲಿಗೆಯ ಕೆಳಗಿನ ಜಾಗವೂ ಹೀಗೇ ಸಡಿಲ. ಜೋರು ಕೆಮ್ಮು, ಸೀನು, ವಾಂತಿ, ಗಟ್ಟಿ ತುತ್ತು ನುಂಗಿದ್ದು, ಇಂಥ ಸಣ್ಣ ನೆವಕ್ಕೆ ಅಲ್ಲೊಂದು ಎಳೆಯಂಥ ರಕ್ತನಾಳ ಹರಿದರೆ ಸಾಮಾನ್ಯ ಮನುಷ್ಯನಿಗೆ ಗೊತ್ತೂ ಆಗುವುದಿಲ್ಲ, ನಿಮಿಷಗಳಲ್ಲಿ ಮುಚ್ಚಿಕೊಳ್ಳುತ್ತದೆ. ಹೆಪ್ಪುಗಟ್ಟುವುದು ತಡವಾಗುವವರಲ್ಲಿ ಅದು ಸೋರುತ್ತಲೇ ಇರುತ್ತದೆ. ಸಡಿಲ ಅಂಗಾಂಶ ಒತ್ತಿ ಹಿಡಿಯುವುದಿಲ್ಲ, ರಕ್ತ ಜಾಗ ಮಾಡಿಕೊಂಡು ಹರಡುತ್ತದೆ.

ಹೊಟ್ಟೆಯೊಳಗೆ ಸೋರಿದರೆ ಲೆಕ್ಕಕ್ಕೇ ಬಾರದಷ್ಟು ರಕ್ತ ಇಲ್ಲಿ ಉಸಿರು ಕಟ್ಟಿಸಬಲ್ಲದು. ಬೇರೆ ಕಡೆ ರಕ್ತ ಕಳೆದುಕೊಂಡು ಸಾಯುವ ಭಯವಾದರೆ, ಇಲ್ಲಿ ರಕ್ತದ ಗಂಟು ಶ್ವಾಸದ ದಾರಿಯನ್ನು ಒತ್ತಿ ಮುಚ್ಚುವ ಭಯ. ಆದ್ದರಿಂದಲೇ ಹಿಮೋಗ್ಲೋಬಿನ್ ಸರಿಯಿದೆ, ಬಿಪಿ ಸರಿಯಿದೆ ಎಂದು ಸಮಾಧಾನ ಪಡುವಂತಿಲ್ಲ.

ಮೊದಲ ಲಕ್ಷಣ ಗಂಟಲು ನೋವು ಅಥವಾ ಏನೋ ಸಿಕ್ಕಿಕೊಂಡ ಅನುಭವ. ಆಮೇಲೆ ನುಂಗಲು ಕಷ್ಟವಾಗುತ್ತದೆ, ದನಿ ಗೊಗ್ಗರಾಗುತ್ತದೆ ಅಥವಾ ಬಾಯಲ್ಲಿ ಬಿಸಿ ಗೆಣಸು ಇಟ್ಟುಕೊಂಡು ಮಾತಾಡಿದಂತೆ ಕೇಳುತ್ತದೆ. ಜೊಲ್ಲು ನುಂಗಲಾಗದೆ ಸುರಿಯುತ್ತದೆ. ಮಲಗಿದರೆ ಉಸಿರು ಕಷ್ಟ, ಎದ್ದು ಕೂತರೆ ಸ್ವಲ್ಪ ಹಗುರ. ನಾಲಿಗೆಯ ಕೆಳಗೆ ಸ್ರಾವವಾದರೆ ಅಲ್ಲಿ ನೇರಳೆ ಬಣ್ಣದ ಊತ ಕಂಡು ನಾಲಿಗೆ ಮೇಲಕ್ಕೆ ಎತ್ತಿಕೊಳ್ಳುತ್ತದೆ. ಹಲ್ಲಿನ ಕೀವಿನಿಂದ ಬರುವ ಬಾವೂ ಹೀಗೇ ಕಾಣುವುದರಿಂದ ವೈದ್ಯರೇ ಮೋಸಹೋಗುವುದುಂಟು. ಗಂಟಲಿನ ಹಿಂದೆ ಸ್ರಾವವಾಗಿದ್ದರೆ ಒಂದೆರಡು ದಿನ ಕಳೆದು ಕತ್ತಿನ ಮುಂಭಾಗ ಮತ್ತು ಎದೆಯ ಮೇಲ್ಭಾಗದಲ್ಲಿ ಪೆಟ್ಟು ಬಿದ್ದಂಥ ನೀಲಿ ಕಲೆ ಮೂಡುತ್ತದೆ. ಅಷ್ಟು ಹೊತ್ತು ಕಾಯುವಂತಿಲ್ಲ ಅನ್ನಿ. ಸೋಂಕಿನಿಂದ ಬಂದ ಗಂಟಲು ನೋವಿನಲ್ಲಿ ಸಾಮಾನ್ಯವಾಗಿ ಜ್ವರ ಇರುತ್ತದೆ, ಇಲ್ಲಿ ಜ್ವರವಿಲ್ಲದೆಯೇ ಗಂಟೆ ಗಂಟೆಗೆ ಹೆಚ್ಚುತ್ತದೆ.

ಮೆಡಿಕಲ್ ಶಾಪಿನ ಕೌಂಟರಿನಲ್ಲಿ

ಅಸಿಟ್ರಾಂ ನುಂಗುವ ಒಬ್ಬ ಮಹಿಳೆಯನ್ನು ಊಹಿಸಿಕೊಳ್ಳಿ. ಕವಾಟ ಬದಲಾಯಿಸಿ ಎಂಟು ವರ್ಷ. ಚೀಟಿಯಲ್ಲಿ ಸೋಮ, ಬುಧ, ಶುಕ್ರ ಎರಡು ಮಿಲಿಗ್ರಾಂ, ಉಳಿದ ದಿನ ಮೂರು ಎಂದಿದೆ. ಮಳೆಗಾಲದಲ್ಲಿ ನೆಗಡಿ, ಕೆಮ್ಮು, ಮೈಬಿಸಿ. ಊಟ ಸೇರುವುದಿಲ್ಲ. ಮಗ ಬಸ್ ಸ್ಟ್ಯಾಂಡ್ ಹತ್ತಿರದ ಮೆಡಿಕಲ್‌ಗೆ ಹೋಗಿ ‘ಅಮ್ಮನಿಗೆ ಗಂಟಲು ನೋವು, ಜ್ವರ’ ಎನ್ನುತ್ತಾನೆ. ಮೂರು ದಿನಕ್ಕೆ ಅಜಿತ್ರೊಮೈಸಿನ್, ಬೆಳಗ್ಗೆ ರಾತ್ರಿಗೆ ಒಂದು ನೋವಿನ ಮಾತ್ರೆ, ಚೀಪುವ ಗುಳಿಗೆ. ಕೊಡುವವರು ಬೇರೆ ಮಾತ್ರೆ ಏನು ನುಂಗುತ್ತಾರೆಂದು ಕೇಳುವುದಿಲ್ಲ, ಮಗನಿಗೂ ಹೇಳಬೇಕೆಂದು ಹೊಳೆಯುವುದಿಲ್ಲ. ಹೃದಯದ ಮಾತ್ರೆಗೂ ಗಂಟಲಿಗೂ ಏನು ಸಂಬಂಧ?

ಸಂಬಂಧ ನಾಲ್ಕು ಕಡೆಯಿಂದ ಇದೆ. ಊಟ ಬಿಟ್ಟಿದ್ದರಿಂದ ವಿಟಮಿನ್ ಕೆ ಒಳಗೆ ಹೋಗುವುದು ಕಡಿಮೆಯಾಗಿದೆ, ಹಾಗಾಗಿ ಅದೇ ಪ್ರಮಾಣದ ಮಾತ್ರೆ ಈಗ ಹೆಚ್ಚು ಕೆಲಸ ಮಾಡುತ್ತದೆ. ಜ್ವರದಲ್ಲಿ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳು ಬೇಗ ಸವೆಯುತ್ತವೆ. ಆ್ಯಂಟಿಬಯಾಟಿಕ್ ಕರುಳಿನಲ್ಲಿ ವಿಟಮಿನ್ ಕೆ ತಯಾರಿಸುವ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಮೆಟ್ರೊನಿಡಜೋಲ್, ಕೋ-ಟ್ರೈಮಾಕ್ಸಜೋಲ್‌ನಂಥವಂತೂ ಯಕೃತ್ತು ವಾರ್ಫರಿನ್ನನ್ನು ಕರಗಿಸುವ ಕಿಣ್ವವನ್ನೇ ಕಟ್ಟಿಹಾಕಿ ಔಷಧಿ ದೇಹದಲ್ಲಿ ಶೇಖರವಾಗುವಂತೆ ಮಾಡುತ್ತವೆ. ಕೊನೆಯದು ನೋವಿನ ಮಾತ್ರೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್ ಪ್ಲೇಟ್‌ಲೆಟ್‌ಗಳ ಕೈಯನ್ನೂ ಕಟ್ಟುತ್ತವೆ, ಹೊಟ್ಟೆಯ ಒಳಪದರವನ್ನೂ ಕೊರೆಯುತ್ತವೆ. ಹೆಪ್ಪುಗಟ್ಟಿಸುವ ಒಂದು ವ್ಯವಸ್ಥೆ ಆಗಲೇ ನಿಧಾನವಾಗಿತ್ತು, ಈಗ ಎರಡನೆಯದೂ ಹೋಯಿತು.

ಇದರ ಪರಿಣಾಮ ಅವತ್ತೇ ಕಾಣುವುದಿಲ್ಲ. ರಕ್ತದಲ್ಲಿ ಈಗಾಗಲೇ ಇರುವ ಪ್ರೋಟೀನ್‌ಗಳಲ್ಲಿ ಒಂದು ಕೆಲವೇ ಗಂಟೆಗಳಲ್ಲಿ ಸವೆದರೆ, ಇನ್ನೊಂದಕ್ಕೆ ಎರಡು ಮೂರು ದಿನ ಬೇಕು. ಹಾಗಾಗಿ ಏರುಪೇರು ಪೂರ್ತಿ ಬಯಲಾಗುವುದು ಮೂರನೆಯ, ನಾಲ್ಕನೆಯ ದಿನ. ಅಷ್ಟು ಹೊತ್ತಿಗೆ ಜ್ವರ ಬಿಟ್ಟಿರುತ್ತದೆ, ಕೆಮ್ಮು ಉಳಿದಿರುತ್ತದೆ. ಒಂದು ಜೋರು ಕೆಮ್ಮಿಗೆ ಒಳಗೆ ನಾಳ ಹರಿಯುತ್ತದೆ. ಗಂಟಲು ನೋವು ಮರುಕಳಿಸುತ್ತದೆ. ಸೋಂಕು ಇಳಿದಿಲ್ಲ ಎಂದುಕೊಂಡು ಮಗ ಮತ್ತೆ ಮೆಡಿಕಲ್‌ಗೆ ಹೋಗುತ್ತಾನೆ, ಈ ಸಲ ಇನ್ನೂ ‘ಪವರ್’ ಇರುವ ಆ್ಯಂಟಿಬಯಾಟಿಕ್ ಸಿಗುತ್ತದೆ.

ಬಾಯಿಗೆ ಹಚ್ಚುವ ಜೆಲ್ ಕೂಡ ಇದೇ ಸಾಲಿಗೆ ಸೇರುತ್ತದೆ ಎಂದರೆ ನಂಬುವುದು ಕಷ್ಟ. ಬಾಯಲ್ಲಿ ಬಿಳಿ ಪದರದ ಫಂಗಸ್ ಆದಾಗ ಹಚ್ಚುವ ಮೈಕೊನಜೋಲ್ ಜೆಲ್ ಸ್ವಲ್ಪ ಸ್ವಲ್ಪವೇ ಹೊಟ್ಟೆಗಿಳಿದು ವಾರ್ಫರಿನ್ ಕರಗುವುದನ್ನು ತಡೆಯುತ್ತದೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಇದರ ಬಗ್ಗೆ ಎಚ್ಚರಿಸಿತು. ವಾರ್ಫರಿನ್ ನುಂಗುವವರು ಚೀಟಿಯಿಲ್ಲದೆ ಸಿಗುವ ಆ ಜೆಲ್ಲನ್ನು ಬಳಸಲೇಬಾರದು ಎಂದು 2017ರಲ್ಲಿ ನಿಯಮ ಬಿಗಿ ಮಾಡಿತು.

ಹಾಗಾದರೆ ಜ್ವರ ಬಂದರೆ ಏನು ಮಾಡಬೇಕು? ಪ್ಯಾರಾಸಿಟಮಾಲ್ ಇದ್ದುದರಲ್ಲಿ ಸುರಕ್ಷಿತ, ಆದರೂ ಪೂರ್ತಿ ಪ್ರಮಾಣದಲ್ಲಿ ಹಲವು ದಿನ ನುಂಗಿದರೆ ಅದೂ ರಕ್ತ ಹೆಪ್ಪುಗಟ್ಟುವುದನ್ನು ಇನ್ನಷ್ಟು ತಡಮಾಡಬಲ್ಲದು. ಉಪ್ಪುನೀರು ಬಾಯಿ ಮುಕ್ಕಳಿಸುವುದರಿಂದ ತೊಂದರೆಯಿಲ್ಲ. ಆ್ಯಂಟಿಬಯಾಟಿಕ್ ನಿಜವಾಗಿ ಬೇಕಾದರೆ ತೆಗೆದುಕೊಳ್ಳಲೇಬೇಕು, ಶುರುವಾಗಿ ಮೂರು ನಾಲ್ಕು ದಿನಕ್ಕೆ ಒಮ್ಮೆ ಪರೀಕ್ಷೆ ಮಾಡಿಸಿಕೊಂಡರೆ ಆಯಿತು. ಬಹುಪಾಲು ಗಂಟಲು ನೋವು ವೈರಸ್ಸಿನದಾದ್ದರಿಂದ ಅದು ಬೇಕಾಗಿಯೇ ಇರುವುದಿಲ್ಲ ಎಂಬುದು ಬೇರೆ ಕಥೆ.

ಕರಾವಳಿಯವರಿಗೆ ಒಂದು ಮಾತು. ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿದಾಗ ಅನ್ನದ ಉಂಡೆ ನುಂಗಿಸಿ ಕೆಳಗೆ ತಳ್ಳುವ ಪದ್ಧತಿ ಇದೆ. ಈ ಮಾತ್ರೆ ನುಂಗುವವರಲ್ಲಿ ಅದನ್ನು ಮಾಡಬಾರದು. ಮುಳ್ಳು ಇನ್ನೂ ಒಳಕ್ಕೆ ಚುಚ್ಚಿಕೊಂಡು, ಮೇಲೆ ಹೇಳಿದ ಆ ಸಂದಿನಲ್ಲೇ ರಕ್ತ ಶುರುವಾಗಬಹುದು.

ಸೊಪ್ಪು ಬಿಡಬೇಕೇ?

ಬೇಡ. ನುಗ್ಗೆ, ಪಾಲಕ್, ಮೆಂತ್ಯ, ದಂಟಿನ ಸೊಪ್ಪುಗಳಲ್ಲಿ ವಿಟಮಿನ್ ಕೆ ಹೇರಳವಾಗಿದೆ, ಹಾಗೆಂದು ‘ಸೊಪ್ಪು ಮುಟ್ಟಬೇಡಿ’ ಎನ್ನುವ ಹಳೆಯ ಸಲಹೆ ತಪ್ಪು ದಾರಿ. ವಾರಕ್ಕೆರಡು ಸಲ ಮಸ್ಸೊಪ್ಪು ಉಣ್ಣುವವರು ಹಾಗೇ ಉಣ್ಣುತ್ತಾ ಹೋದರೆ ವೈದ್ಯರು ಮಾತ್ರೆಯ ಪ್ರಮಾಣವನ್ನು ಅದಕ್ಕೆ ಹೊಂದಿಸುತ್ತಾರೆ. ತೊಂದರೆಯಾಗುವುದು ಹಠಾತ್ ಬದಲಾವಣೆಯಿಂದ. ತಿಂಗಳುಗಟ್ಟಲೆ ಸೊಪ್ಪು ತಿನ್ನದವರು ಒಂದು ವಾರ ದಿನಾ ತಿಂದರೆ ಹೆಪ್ಪುಗಟ್ಟುವ ಭಯ, ದಿನಾ ತಿನ್ನುವವರು ವ್ರತವೆಂದು ನಿಲ್ಲಿಸಿದರೆ ರಕ್ತ ಸೋರುವ ಭಯ. ಹೊಸ ಮಾತ್ರೆಗಳಿಗೆ ಈ ತಾಪತ್ರಯವಿಲ್ಲ.

ಎರಡು ಮತ್ತು ಮೂರರ ನಡುವೆ

ವಾರ್ಫರಿನ್, ಅಸಿಟ್ರಾಂ ನುಂಗುವವರ ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತಿದೆ ಎಂದು ಹೇಳುವುದು ಐಎನ್‌ಆರ್ ಪರೀಕ್ಷೆ. ಮಾತ್ರೆ ನುಂಗದವರಲ್ಲಿ ಅದು ಒಂದರ ಆಸುಪಾಸು. ಹೃದಯದ ಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಇರುವವರಲ್ಲಿ ಎರಡರಿಂದ ಮೂರರೊಳಗೆ ಇರಬೇಕು. ಮೈಟ್ರಲ್ ಜಾಗದಲ್ಲಿ ಲೋಹದ ಕವಾಟ ಇರುವವರಿಗೆ ಎರಡೂವರೆಯಿಂದ ಮೂರೂವರೆ. ಕೆಳಗಿಳಿದರೆ ಕವಾಟದ ಮೇಲೆ ಹೆಪ್ಪು, ನಾಲ್ಕೂವರೆ ದಾಟಿದರೆ ರಕ್ತಸ್ರಾವದ ಅಪಾಯ ಕಡಿದಾಗಿ ಏರುತ್ತದೆ. ಕೆಲಸ ಮಾಡುವ ಪ್ರಮಾಣಕ್ಕೂ ಕೆಡುಕು ಮಾಡುವ ಪ್ರಮಾಣಕ್ಕೂ ಇಷ್ಟು ಕಡಿಮೆ ಅಂತರವಿರುವ ಔಷಧಿಯನ್ನು ಲಕ್ಷಾಂತರ ಮಂದಿ ಜೀವಮಾನವಿಡೀ ನುಂಗುತ್ತಾರೆ.

ಕರ್ನಾಟಕದಲ್ಲಿ ಈ ಗುಂಪಿನ ಬಹಳಷ್ಟು ಮಂದಿ ಬಡವರು, ಅದರಲ್ಲೂ ಹೆಂಗಸರು. ಬಾಲ್ಯದಲ್ಲಿ ಬಂದ ರುಮ್ಯಾಟಿಕ್ ಜ್ವರ ಕವಾಟವನ್ನು ಕೆಡಿಸಿರುತ್ತದೆ. ಆ ಜ್ವರವೂ ಶುರುವಾಗುವುದು ಚಿಕಿತ್ಸೆ ಸಿಗದ ಒಂದು ಗಂಟಲು ಸೋಂಕಿನಿಂದಲೇ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ರೂಪಿಸಿದ, 1990ರಿಂದ ಬಳಕೆಯಲ್ಲಿರುವ ಕವಾಟ ಅಗ್ಗದ ಬೆಲೆಗೆ ಸಿಕ್ಕಿದ್ದರಿಂದ ಇಂಥ ಎಷ್ಟೋ ಜನ ಬದುಕಿದರು. ಶಸ್ತ್ರಚಿಕಿತ್ಸೆಗೆ ಸರ್ಕಾರಿ ಯೋಜನೆಗಳ ನೆರವೂ ಇದೆ. ಮಾತ್ರೆ ಅಗ್ಗ. ಕೊಂಡಿ ಕಳಚುವುದು ಪರೀಕ್ಷೆಯ ಹತ್ತಿರ. ಹಳ್ಳಿಯಿಂದ ಐಎನ್‌ಆರ್ ಮಾಡುವ ಲ್ಯಾಬಿಗೆ ಹೋಗಿಬರಲು ಒಂದು ದಿನದ ಕೂಲಿ, ಬಸ್ ಚಾರ್ಜು, ಪರೀಕ್ಷೆಗೆ ಕೆಲವು ನೂರು ರೂಪಾಯಿ. ತಿಂಗಳಿಗೊಮ್ಮೆ ಆಗಬೇಕಾದದ್ದು ಆರು ತಿಂಗಳಿಗೊಮ್ಮೆ ಆಗುತ್ತದೆ. ಸಕ್ಕರೆ ಪರೀಕ್ಷೆಯಂತೆ ಬೆರಳು ಚುಚ್ಚಿ ಐಎನ್‌ಆರ್ ನೋಡುವ ಸಣ್ಣ ಯಂತ್ರಗಳಿವೆ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ, ಸಾಧ್ಯವಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಒಂದೊಂದು ಇಟ್ಟರೆ ಆಗುವ ಖರ್ಚು, ಒಬ್ಬ ರೋಗಿಯನ್ನು ವಾರಗಟ್ಟಲೆ ಐಸಿಯುನಲ್ಲಿ ಇಡುವ ಖರ್ಚಿನ ಮುಂದೆ ಏನೂ ಅಲ್ಲ.

ಹೊಸ ಮಾತ್ರೆಗೆ ಬದಲಾದರೆ?

ಪರೀಕ್ಷೆಯ ಗೋಜೇ ಬೇಡ, ಎಲ್ಲರಿಗೂ ಹೊಸ ಮಾತ್ರೆ ಕೊಡಿ ಎಂಬ ವಾದ ಬಲವಾಗಿದೆ, ಅದಕ್ಕೆ ಆಧಾರವೂ ಇದೆ. 2011ರಲ್ಲಿ ಪ್ರಕಟವಾದ ಅರಿಸ್ಟಾಟಲ್ ಅಧ್ಯಯನದಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ಏಟ್ರಿಯಲ್ ಫಿಬ್ರಿಲೇಷನ್ ರೋಗಿಗಳಿದ್ದರು. ವರ್ಷಕ್ಕೆ ಗಂಭೀರ ರಕ್ತಸ್ರಾವ ವಾರ್ಫರಿನ್ ಗುಂಪಿನಲ್ಲಿ ಶೇ 3.09, ಅಪಿಕ್ಸಬಾನ್ ಗುಂಪಿನಲ್ಲಿ ಶೇ 2.13. ಮಿದುಳಿನ ರಕ್ತಸ್ರಾವವಂತೂ ಹೊಸ ಮಾತ್ರೆಗಳಲ್ಲಿ ಹತ್ತಿರಹತ್ತಿರ ಅರ್ಧಕ್ಕಿಳಿಯುತ್ತದೆ. ಪೇಟೆಂಟ್ ಮುಗಿದು ದೇಶಿ ಕಂಪನಿಗಳು ತಯಾರಿಸತೊಡಗಿದ ಮೇಲೆ ಬೆಲೆಯೂ ಕೈಗೆಟುಕುವಂತಾಗಿದೆ. ಕವಾಟದ ತೊಂದರೆಯಿಲ್ಲದ ಏಟ್ರಿಯಲ್ ಫಿಬ್ರಿಲೇಷನ್ ರೋಗಿಗೆ, ಮೂತ್ರಪಿಂಡ ಸರಿಯಿದ್ದರೆ, ಇವತ್ತು ಮೊದಲ ಆಯ್ಕೆ ಹೊಸ ಮಾತ್ರೆಯೇ.

ಆದರೆ ಈ ವಾದ ನಮ್ಮ ರುಮ್ಯಾಟಿಕ್ ರೋಗಿಗಳ ಬಾಗಿಲಲ್ಲಿ ನಿಂತುಬಿಡುತ್ತದೆ. ಅವರ ಮೇಲೆಯೇ 24 ದೇಶಗಳಲ್ಲಿ ನಡೆದ ಇನ್‌ವಿಕ್ಟಸ್ ಅಧ್ಯಯನ 2022ರಲ್ಲಿ ಹೊರಬಂತು. ಆಗ ದೆಹಲಿಯ ಏಮ್ಸ್‌ನಲ್ಲಿದ್ದ ಜಿ. ಕಾರ್ತಿಕೇಯನ್ ಅದರ ಪ್ರಮುಖ ಸಂಶೋಧಕರಲ್ಲೊಬ್ಬರು. ರಿವಾರೋಕ್ಸಬಾನ್ ಗೆಲ್ಲುತ್ತದೆ ಎಂಬ ನಿರೀಕ್ಷೆ ತಲೆಕೆಳಗಾಯಿತು. ಹಳೆಯ ಮಾತ್ರೆ ನುಂಗಿದವರಲ್ಲೇ ಸಾವು ಕಡಿಮೆ, ರಕ್ತಸ್ರಾವ ಹೆಚ್ಚಿರಲೂ ಇಲ್ಲ. ಪರೀಕ್ಷೆಗೆಂದು ತಿಂಗಳು ತಿಂಗಳು ವೈದ್ಯರ ಮುಖ ನೋಡಿದ್ದೇ ಅವರನ್ನು ಕಾಪಾಡಿರಬಹುದೇ ಎಂಬ ಚರ್ಚೆ ಇನ್ನೂ ಇದೆ. ಲೋಹದ ಕವಾಟದವರ ವಿಷಯದಲ್ಲಿ ಚರ್ಚೆಗೂ ಜಾಗವಿಲ್ಲ. ಡಾಬಿಗಟ್ರಾನ್ ಕೊಟ್ಟು ನೋಡಿದ ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಹೆಪ್ಪೂ ಹೆಚ್ಚು, ರಕ್ತಸ್ರಾವವೂ ಹೆಚ್ಚು. 2013ರಲ್ಲಿ ಆ ಫಲಿತಾಂಶ ಬಂದ ಮೇಲೂ ‘ಪರೀಕ್ಷೆಯ ತಲೆನೋವಿಲ್ಲದ ಮಾತ್ರೆ’ ಎಂದು ಸಂಬಂಧಿಕರ ಮಾತು ಕೇಳಿ ತಾವೇ ಬದಲಾಯಿಸಿಕೊಳ್ಳುವುದು ಕವಾಟ ಕೈಕೊಡುವುದಕ್ಕೆ ಆಹ್ವಾನ.

ಹೊಸ ಮಾತ್ರೆಗಳಲ್ಲೂ ಗಂಟಲಲ್ಲಿ ರಕ್ತ ಕಟ್ಟಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಐಎನ್‌ಆರ್ ಇಲ್ಲದ್ದರಿಂದ ರಕ್ತದಲ್ಲಿ ಔಷಧಿ ಎಷ್ಟಿದೆ ಎಂದು ತಾಲ್ಲೂಕು ಆಸ್ಪತ್ರೆಯಲ್ಲಿ ತಿಳಿಯುವ ಸುಲಭದ ದಾರಿಯೂ ಇಲ್ಲ. ಕೊನೆಯ ಮಾತ್ರೆ ಎಷ್ಟು ಗಂಟೆಗೆ ನುಂಗಿದ್ದು ಎಂಬುದೇ ವೈದ್ಯರಿಗೆ ಸಿಗುವ ಮುಖ್ಯ ಸುಳಿವು.

ಉಸಿರಿನ ದಾರಿ ಮೊದಲು

ದನಿ ಬದಲಾಗಿ, ನುಂಗಲಾಗದೆ, ಉಸಿರು ಭಾರವಾದರೆ 108ಕ್ಕೆ ಕರೆ ಮಾಡಬೇಕು. ರೋಗಿಯನ್ನು ಮಲಗಿಸದೆ ಕೂರಿಸಿಯೇ ಕರೆದೊಯ್ಯಬೇಕು, ಕತ್ತನ್ನು ನೀವಬಾರದು, ಎಣ್ಣೆ ಹಚ್ಚಿ ಉಜ್ಜಬಾರದು, ಬಾಯಿಗೆ ಬೆರಳು ಹಾಕಬಾರದು. ಮಾತ್ರೆಯ ಪಟ್ಟಿಯನ್ನೂ ಕೊನೆಯ ಐಎನ್‌ಆರ್ ಚೀಟಿಯನ್ನೂ ಜೊತೆಗೆ ಒಯ್ಯಬೇಕು. ಆಸ್ಪತ್ರೆಯಲ್ಲಿ ಮೊದಲ ಕೆಲಸ ಶ್ವಾಸದ ದಾರಿ ಕಾಯುವುದು. ಊತ ಹೆಚ್ಚುತ್ತಿದ್ದರೆ ಎಚ್ಚರವಿರುವಾಗಲೇ ಸಣ್ಣ ಕ್ಯಾಮೆರಾ ಕೊಳವೆಯ ನೆರವಿನಿಂದ ಉಸಿರಿನ ನಳಿಗೆ ಇಳಿಸುತ್ತಾರೆ, ಅದಾಗದಿದ್ದರೆ ಕತ್ತಿನ ಮುಂಭಾಗದಲ್ಲಿ ರಂಧ್ರ ಮಾಡುತ್ತಾರೆ. ಕಣ್ಣಿಗೆ ಕಾಣದೆ ನಳಿಗೆ ತಳ್ಳಲು ಹೋದರೆ ಗಂಟು ಇನ್ನೂ ಹರಿಯುತ್ತದೆ, ಹಾಗಾಗಿ ಅನುಭವಿ ಅರಿವಳಿಕೆ ತಜ್ಞರೂ ಇಎನ್‌ಟಿ ವೈದ್ಯರೂ ಒಟ್ಟಿಗಿರುವ ಜಾಗಕ್ಕೆ ಬೇಗ ತಲುಪುವುದು ಮುಖ್ಯ.

ಜೊತೆಜೊತೆಗೇ ವಾರ್ಫರಿನ್ ಅಥವಾ ಅಸಿಟ್ರಾಂನ ಪ್ರಭಾವ ಅಳಿಸಬೇಕು. ವಿಟಮಿನ್ ಕೆ ಇಂಜೆಕ್ಷನ್ ಅಗ್ಗ, ಎಲ್ಲ ಕಡೆ ಸಿಗುತ್ತದೆ, ಆದರೆ ಯಕೃತ್ತು ಹೊಸ ಪ್ರೋಟೀನ್ ತಯಾರಿಸಿ ಮುಗಿಸಲು ಗಂಟೆಗಳು ಬೇಕು. ತಕ್ಷಣಕ್ಕೆ ಬೇಕಾದದ್ದು ಸಿದ್ಧ ಪ್ರೋಟೀನ್‌ಗಳು. ಪುಡಿರೂಪದ ಸಾಂದ್ರ ಇಂಜೆಕ್ಷನ್ ನಿಮಿಷಗಳಲ್ಲಿ ಕೆಲಸ ಮಾಡುತ್ತದೆ, ಆದರೆ ದುಬಾರಿ, ದೊಡ್ಡ ಆಸ್ಪತ್ರೆಗಳಲ್ಲೇ ಹೆಚ್ಚು. ಅದಿಲ್ಲದ ಕಡೆ ರಕ್ತನಿಧಿಯಿಂದ ಪ್ಲಾಸ್ಮಾ ತರಿಸುತ್ತಾರೆ. ಶೀತದಲ್ಲಿ ಘನವಾಗಿಸಿಟ್ಟ ಅದು ಕರಗಲು ಸಮಯ ಬೇಕು, ಚೀಲಗಟ್ಟಲೆ ಏರಿಸಬೇಕು, ದುರ್ಬಲ ಹೃದಯಕ್ಕೆ ಆ ದ್ರವವೇ ಹೊರೆ. ಉಸಿರಿನ ದಾರಿ ಭದ್ರವಾದರೆ ಉಳಿದದ್ದು ಬಹುತೇಕ ಕಾಯುವ ಕೆಲಸ. ಗಂಟನ್ನು ಕೊಯ್ದು ತೆಗೆಯುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ, ಎರಡು ಮೂರು ವಾರಗಳಲ್ಲಿ ದೇಹವೇ ಹೀರಿಕೊಳ್ಳುತ್ತದೆ.

ಮತ್ತೆ ಶುರು ಮಾಡುವುದು ಯಾವಾಗ?

ಇಷ್ಟಾದ ಮೇಲೆ ರೋಗಿಯೂ ಮನೆಯವರೂ ಆ ಮಾತ್ರೆಯ ಮುಖ ನೋಡಲು ಹೆದರುತ್ತಾರೆ. ಆದರೆ ಲೋಹದ ಕವಾಟ ಇರುವವರು ಏನೂ ನುಂಗದಿದ್ದರೆ ವರ್ಷಕ್ಕೆ ನೂರರಲ್ಲಿ ಸುಮಾರು ನಾಲ್ವರಿಗೆ ದೊಡ್ಡ ಹೆಪ್ಪು ಹಾರಿ ಲಕ್ವದಂಥ ಅನಾಹುತವಾಗುತ್ತದೆ, ಮಾತ್ರೆ ನುಂಗಿದರೆ ಅದು ಒಬ್ಬರಿಗೆ ಇಳಿಯುತ್ತದೆ ಎಂದು 1994ರಲ್ಲಿ ಪ್ರಕಟವಾದ, ಈಗಲೂ ಉಲ್ಲೇಖಿಸುವ ವಿಶ್ಲೇಷಣೆ ಹೇಳುತ್ತದೆ. ಅವರು ಮರಳಿ ಶುರು ಮಾಡಲೇಬೇಕು. ಎಷ್ಟು ದಿನ ಬಿಟ್ಟು ಎಂಬುದರಲ್ಲಿ ಇಎನ್‌ಟಿ ವೈದ್ಯರು ತಡಮಾಡಿ ಎನ್ನುವುದೂ, ಹೃದ್ರೋಗ ತಜ್ಞರು ಅವಸರ ಮಾಡುವುದೂ ಸಹಜ. ಆಸ್ಪತ್ರೆಯಲ್ಲಿಟ್ಟುಕೊಂಡು, ಬೇಕೆಂದಾಗ ಥಟ್ಟನೆ ನಿಲ್ಲಿಸಬಹುದಾದ ಹೆಪಾರಿನ್ ಎಂಬ ಇಂಜೆಕ್ಷನ್‌ನಿಂದ ಆರಂಭಿಸುವುದು ಸಾಮಾನ್ಯ ನಡುದಾರಿ. ಲಕ್ವದ ಅಪಾಯ ಕಡಿಮೆ ಇರುವ ಏಟ್ರಿಯಲ್ ಫಿಬ್ರಿಲೇಷನ್ ರೋಗಿಗೆ ಇಷ್ಟು ಧಾವಂತ ಬೇಡ. ಮಾತ್ರೆ ನಿಜಕ್ಕೂ ಬೇಕೇ, ಬೇಕಾದರೆ ಹೊಸದು ಸಾಕೇ ಎಂದು ಮರುಯೋಚನೆ ಮಾಡಲು ಅದೇ ಸಮಯ. ಮುನ್ನೆಚ್ಚರಿಕೆಯೆಂದು ತಾವಾಗಿ ಆಸ್ಪಿರಿನ್ ನುಂಗುತ್ತಿದ್ದವರ ಮಟ್ಟಿಗೆ ಉತ್ತರ ಸುಲಭ, ಅದು ಮತ್ತೆ ಶುರುವಾಗುವುದೇ ಬೇಡ.

ಎಡವಟ್ಟಾಗುವುದು ಹೆಚ್ಚಾಗಿ ಡಿಸ್ಚಾರ್ಜ್ ಚೀಟಿಯಲ್ಲಿ. ‘ಅಸಿಟ್ರಾಂ ನಿಲ್ಲಿಸಿದೆ’ ಎಂದಷ್ಟೇ ಬರೆದಿರುತ್ತದೆ, ಅದೂ ಇಂಗ್ಲಿಷಿನಲ್ಲಿ. ದಾಖಲಾದಾಗ ಐಎನ್‌ಆರ್ ಎಷ್ಟಿತ್ತು, ಯಾವ ಔಷಧಿಯಿಂದ ಏರಿತು, ಯಾವ ತಾರೀಖಿನಿಂದ ಎಷ್ಟು ಮಿಲಿಗ್ರಾಂ ಮತ್ತೆ ಶುರು, ಮುಂದಿನ ಪರೀಕ್ಷೆ ಎಂದು, ಜ್ವರ ಬಂದರೆ ಯಾವ ಮಾತ್ರೆ ಮುಟ್ಟಬಾರದು: ಈ ಐದು ಸಾಲನ್ನು ಕನ್ನಡದಲ್ಲಿ ಬರೆಸಿಕೊಳ್ಳುವವರೆಗೆ ಬಿಲ್ ಕೌಂಟರಿನಿಂದ ಹೊರಡದಿರುವುದು ಲೇಸು.